ಪತ್ತಿನ ಸಂಘದ ಲೆಕ್ಕವನ್ನು ಕ್ಲೌಡ್‌ಗೆ ಒಯ್ಯುವ ಮುನ್ನ ಏನೇನು ಕೇಳಬೇಕು?

ಸಂಘದ ಕಾರ್ಯದರ್ಶಿ (ಹಾಸನ ಜಿಲ್ಲೆ):

ಎಲ್ಲರಿಗೂ ನಮಸ್ಕಾರ. ನಾನು ಹೋಬಳಿ ಕೇಂದ್ರವೊಂದರ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಸುಮಾರು ನಾಲ್ಕು ಸಾವಿರ ಸದಸ್ಯರಿದ್ದಾರೆ. ಅವರ ಷೇರು ಖಾತೆ, ಪಿಗ್ಮಿ ಠೇವಣಿ, ಚಿನ್ನಾಭರಣ ಸಾಲ, ಜಾಮೀನುದಾರರ ವಿವರ, ನಾಮಿನಿಗಳ ಹೆಸರು, ಆಧಾರ್ ಮತ್ತು ಪ್ಯಾನ್ ಪ್ರತಿಗಳು ಎಲ್ಲವೂ ಇದುವರೆಗೆ ಕಚೇರಿಯ ಹಿಂಬದಿ ಕೋಣೆಯ ಒಂದು ಸರ್ವರಿನಲ್ಲಿವೆ. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗಾಗಿ ಒಪ್ಪಿಗೆ ಕೊಟ್ಟ ಗಣಕೀಕರಣ ಯೋಜನೆಯ ವ್ಯಾಪ್ತಿಗೆ ನಾವು ಬರುವುದಿಲ್ಲವಾದ್ದರಿಂದ, ತಂತ್ರಾಂಶವನ್ನು ಖಾಸಗಿ ಕಂಪನಿಯೊಂದರಿಂದ ನಾವೇ ಪಡೆದುಕೊಂಡಿದ್ದೇವೆ. ಆ ಕಂಪನಿಯವರು ಮುಂದಿನ ಆರ್ಥಿಕ ವರ್ಷದಿಂದ ಕ್ಲೌಡ್ ಆವೃತ್ತಿಗೆ (ಅಂದರೆ ಲೆಕ್ಕವೆಲ್ಲ ಇಂಟರ್ನೆಟ್ ಮೂಲಕ ಬೇರೆಯವರ ದೂರದ ಸರ್ವರುಗಳಲ್ಲಿರುವ ವ್ಯವಸ್ಥೆಗೆ) ಮಾತ್ರ ಬೆಂಬಲ ಕೊಡುವುದಾಗಿ ತಿಳಿಸಿದ್ದಾರೆ.

ಆಡಳಿತ ಮಂಡಳಿಯ ಸಭೆಗೆ ಬಂದಿದ್ದ ಕಂಪನಿಯ ಪ್ರತಿನಿಧಿ, ತಮ್ಮ ವ್ಯವಸ್ಥೆ ಅಮೆಜಾನ್ ಕ್ಲೌಡ್‌ನ ಮುಂಬೈ ಕೇಂದ್ರದಲ್ಲಿದೆಯೆಂದೂ ದತ್ತಾಂಶವೆಲ್ಲ ಎನ್‌ಕ್ರಿಪ್ಟ್ ಆಗಿರುವುದರಿಂದ, ಅಂದರೆ ಕೀಲಿಯಿಲ್ಲದೆ ಓದಲಾಗದ ಸಂಕೇತರೂಪದಲ್ಲಿರುವುದರಿಂದ, ಚಿಂತೆ ಬೇಡವೆಂದೂ ಹೇಳಿದರು. ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕ್ ಕೂಡ ಅಮೆಜಾನ್ ಕ್ಲೌಡ್‌ನಲ್ಲೇ ಇತ್ತು, ಅದರ ದತ್ತಾಂಶವೂ ಎನ್‌ಕ್ರಿಪ್ಟ್ ಆಗಿತ್ತು, ಆದರೂ 2019ರಲ್ಲಿ ಹತ್ತು ಕೋಟಿ ಜನರ ವಿವರ ಹೊರಹೋಯಿತಲ್ಲ ಎಂದು ನಮ್ಮ ನಿರ್ದೇಶಕರೊಬ್ಬರು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಅಷ್ಟು ದೊಡ್ಡ ಬ್ಯಾಂಕಿಗೆ ಆದದ್ದು ನಮಗೂ ಆಗಬಹುದೇ, ಆಗದಂತೆ ನೋಡಿಕೊಳ್ಳಲು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ನಾವು ಏನು ಕೇಳಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕೆಂದು ಕೋರುತ್ತೇನೆ. ನನಗೆ ಲೆಕ್ಕಪತ್ರ ಗೊತ್ತು. ಕಂಪ್ಯೂಟರಿನ ಒಳಮರ್ಮ ಗೊತ್ತಿಲ್ಲ.


ಹೊಸ್ತಿಲ ಕಾವಲು (ಬೆಂಗಳೂರು):

ಕಾರ್ಯದರ್ಶಿಗಳೇ, ನಿಮ್ಮ ನಿರ್ದೇಶಕರು ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ನಾನು ಕ್ಲೌಡ್ ಭದ್ರತೆಯ ಕೆಲಸದಲ್ಲೇ ಇರುವವಳು. ಹೊಸಬರಿಗೆ ಪಾಠ ಹೇಳಬೇಕಾದಾಗಲೆಲ್ಲ ಈ ಪ್ರಕರಣವನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ನ್ಯಾಯಾಲಯದ ದಾಖಲೆಗಳಿಂದಾಗಿ ಅದರ ಹೆಜ್ಜೆಹೆಜ್ಜೆಯೂ ಬಹಿರಂಗವಾಗಿದೆ.

ಕ್ಯಾಪಿಟಲ್ ಒನ್ ತನ್ನ ಜಾಲತಾಣದ ಮುಂದೆ ಒಂದು ವೆಬ್ ಫೈರ್‌ವಾಲ್ ಇಟ್ಟಿತ್ತು. ಬರುವ ಕೋರಿಕೆಗಳನ್ನು ಸೋಸಿ ಒಳಗೆ ಬಿಡುವುದು ಅದರ ಕೆಲಸ. ಅದನ್ನು ಹೊಂದಿಸುವಾಗ ಆದ ಲೋಪದಿಂದಾಗಿ, ಹೊರಗಿನವರು ಕಳಿಸಿದ ಕೋರಿಕೆಯನ್ನು ಅದು ತನ್ನದೇ ಕೋರಿಕೆಯೆಂಬಂತೆ ಒಳಗಿನ ವಿಳಾಸಗಳಿಗೆ ರವಾನಿಸುತ್ತಿತ್ತು. ಅಮೆಜಾನ್ ಕ್ಲೌಡ್‌ನ ಪ್ರತಿಯೊಂದು ಯಂತ್ರಕ್ಕೂ 169.254.169.254 ಎಂಬ ಒಳವಿಳಾಸದಲ್ಲಿ ಒಂದು ಮಾಹಿತಿ ಸೇವೆ ಸಿಗುತ್ತದೆ. ಯಂತ್ರವು ತಾನು ಯಾರು, ತನಗೆ ಏನೇನು ಮಾಡಲು ಅನುಮತಿಯಿದೆ ಎಂದು ಅಲ್ಲಿ ಕೇಳಿ, ಸ್ವಲ್ಪ ಹೊತ್ತು ಮಾತ್ರ ಚಲಾವಣೆಯಲ್ಲಿರುವ ರುಜುವಾತುಗಳನ್ನು (ಗುಪ್ತಪದದಂತೆ ಪ್ರವೇಶ ಕೊಡಿಸುವ ಕೀಲಿಗಳನ್ನು) ಪಡೆದುಕೊಳ್ಳುತ್ತದೆ. ದಾಳಿಕೋರಳು ಫೈರ್‌ವಾಲಿನ ಬಾಯಿಂದಲೇ ಆ ಸೇವೆಯನ್ನು ಕೇಳಿಸಿ, ಫೈರ್‌ವಾಲಿನ ರುಜುವಾತುಗಳನ್ನು ತನ್ನ ಕೈಗೆ ತರಿಸಿಕೊಂಡಳು.

ಇಷ್ಟೇ ಆಗಿದ್ದರೆ ಹಾನಿ ಅಲ್ಪದ್ದಾಗಿರುತ್ತಿತ್ತು. ಕೋರಿಕೆಗಳನ್ನು ಸೋಸುವ ಒಂದು ಯಂತ್ರಕ್ಕೆ ಗ್ರಾಹಕರ ಕಡತಗಳಿರುವ ಸಂಗ್ರಹಗಳನ್ನು ಪಟ್ಟಿ ಮಾಡುವ, ಓದುವ, ನಕಲಿಸುವ ಅಧಿಕಾರವನ್ನು ಯಾಕೆ ಕೊಟ್ಟಿದ್ದರು ಎಂಬುದೇ ನನ್ನ ಪ್ರಕಾರ ಈ ಪ್ರಕರಣದ ತಿರುಳು. ಆ ಒಂದು ಪಾತ್ರದ (ಯಂತ್ರಕ್ಕೆ ಕೊಟ್ಟ ಅನುಮತಿಗಳ ಗುಚ್ಛಕ್ಕೆ ಹಾಗೆನ್ನುತ್ತಾರೆ) ಅಧಿಕಾರದಿಂದ 700ಕ್ಕೂ ಹೆಚ್ಚು ಸಂಗ್ರಹಗಳು ತೆರೆದುಕೊಂಡವು. 2005ರಿಂದ 2019ರ ಆರಂಭದವರೆಗೆ ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದವರ ವಿವರಗಳು ಅಲ್ಲಿದ್ದವು. ಅಂದರೆ ಅರ್ಜಿ ತಿರಸ್ಕೃತವಾಗಿ ಬ್ಯಾಂಕನ್ನೇ ಮರೆತವರ ಹೆಸರು, ವಿಳಾಸ, ಜನ್ಮದಿನಾಂಕ, ಆದಾಯವೂ ಸೇರಿ ಅಮೆರಿಕದ ಸುಮಾರು 10 ಕೋಟಿ ಮತ್ತು ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ. ಕಳವು ನಡೆದದ್ದು 2019ರ ಮಾರ್ಚ್‌ನಲ್ಲಿ. ಬ್ಯಾಂಕಿಗೆ ಗೊತ್ತಾದದ್ದು ಜುಲೈ 17ರಂದು, ಅದೂ ಹೊರಗಿನವರೊಬ್ಬರು "ನಿಮ್ಮ ದತ್ತಾಂಶ ಗಿಟ್‌ಹಬ್‌ನಲ್ಲಿ ಕಾಣಿಸುತ್ತಿದೆ" ಎಂಬರ್ಥದ ಮಿಂಚಂಚೆ ಕಳಿಸಿದ ಮೇಲೆ. ಗಿಟ್‌ಹಬ್ ಎಂದರೆ ತಂತ್ರಾಂಶ ಬರೆಯುವವರು ಕಡತಗಳನ್ನು ಹಂಚಿಕೊಳ್ಳುವ ಜಾಲತಾಣ.

ಈಗ ಎನ್‌ಕ್ರಿಪ್ಷನ್ ವಿಚಾರ. ದತ್ತಾಂಶವು ಡಿಸ್ಕಿನಲ್ಲಿ ಎನ್‌ಕ್ರಿಪ್ಟ್ ಆಗಿದ್ದದ್ದು ನಿಜ. ಆದರೆ ಅನುಮತಿಯುಳ್ಳ ಪಾತ್ರವೊಂದು ಓದಲು ಕೇಳಿದಾಗ ಬಿಡಿಸಿ ಕೊಡುವಂತೆಯೇ ಆ ವ್ಯವಸ್ಥೆ ರೂಪುಗೊಂಡಿರುತ್ತದೆ. ಯಾರಾದರೂ ದತ್ತಾಂಶ ಕೇಂದ್ರಕ್ಕೆ ನುಗ್ಗಿ ಡಿಸ್ಕನ್ನೇ ಕಿತ್ತುಕೊಂಡು ಹೋದರೆ ಅದು ಕಾಪಾಡುತ್ತದೆ. ಬೀಗದ ಕೈ ಹಿಡಿದೇ ಒಳಗೆ ಬಂದವರ ಮುಂದೆ ಅದು ತಿಜೋರಿಯ ಬಣ್ಣವಿದ್ದಂತೆ. ನಿಜವಾಗಿ ಕೆಲಸಕ್ಕೆ ಬಂದದ್ದು ಬೇರೆ. ಬ್ಯಾಂಕು ಸಾಮಾಜಿಕ ಭದ್ರತಾ ಸಂಖ್ಯೆ (ನಮ್ಮ ಆಧಾರ್‌ನಂತೆ ಅಮೆರಿಕದವರ ಗುರುತಿನ ಸಂಖ್ಯೆ) ಮತ್ತು ಖಾತೆ ಸಂಖ್ಯೆಗಳಂತಹ ಕೆಲವು ಅಂಕಣಗಳಲ್ಲಿ ಅಸಲು ಸಂಖ್ಯೆಯ ಬದಲು ಟೋಕನ್, ಅಂದರೆ ಒಂದು ಬದಲಿ ಗುರುತು, ಇಟ್ಟು, ಅಸಲನ್ನು ಬೇರೆಡೆ ಕಾಪಾಡಿತ್ತು. ಹತ್ತು ಕೋಟಿ ಜನರ ವಿವರ ಹೋದರೂ ಬಯಲಾದ ಸಾಮಾಜಿಕ ಭದ್ರತಾ ಸಂಖ್ಯೆಗಳು ಸುಮಾರು 1,40,000, ಬ್ಯಾಂಕ್ ಖಾತೆ ಸಂಖ್ಯೆಗಳು ಸುಮಾರು 80,000 ಮಾತ್ರ. ಆದ್ದರಿಂದ ಕಂಪನಿಯವರು "ಎನ್‌ಕ್ರಿಪ್ಟ್ ಆಗಿದೆ" ಎಂದಾಗ, "ನಿಮ್ಮ ತಂತ್ರಾಂಶದ ಯಾವ ಭಾಗ ಯಾವ ಅಂಕಣವನ್ನು ಬಿಡಿಸಿ ಓದಬಲ್ಲದು?" ಎಂದು ಮರುಪ್ರಶ್ನೆ ಹಾಕಿ.


ಹಳೆಯ ಸರ್ವರ್ (ಮೈಸೂರು):

ಹೊಸ್ತಿಲ ಕಾವಲು ಅವರ ವಿವರಣೆ ಚೆನ್ನಾಗಿದೆ, ಆದರೆ ಅದರಿಂದ ಹೊರಡುವ ತೀರ್ಮಾನದ ಬಗ್ಗೆ ನನಗೆ ತಕರಾರಿದೆ. ಸಾವಿರಾರು ಇಂಜಿನಿಯರುಗಳಿರುವ ಬ್ಯಾಂಕೇ ಫೈರ್‌ವಾಲನ್ನು ಸರಿಯಾಗಿ ಹೊಂದಿಸಲಾಗದೆ ಎಡವಿದ್ದರೆ, ಹೋಬಳಿಯ ಸಂಘವೊಂದಕ್ಕೆ ತಂತ್ರಾಂಶ ಮಾರುವ ಸಣ್ಣ ಕಂಪನಿ ಎಡವದೆಂದು ಹೇಗೆ ನಂಬುವುದು? ಹಿಂಬದಿ ಕೋಣೆಯ ಸರ್ವರಿಗೆ ಇಂಟರ್ನೆಟ್ಟಿನ ಮೂಲೆಮೂಲೆಯಿಂದ ಕೋರಿಕೆಗಳು ಬರುವುದಿಲ್ಲ. ಮೇಲಾಗಿ ಆ ದಾಳಿಕೋರಳು ಅಮೆಜಾನಿನ ಹಳೆಯ ಉದ್ಯೋಗಿ. ಮನೆ ಕಟ್ಟಿದವರೇ ಕನ್ನ ಹಾಕಿದರೆ ಬಾಡಿಗೆದಾರ ಏನು ಮಾಡಲು ಸಾಧ್ಯ?

ಇನ್ನೊಂದು ಮಾತು. ಅಮೆರಿಕದ ಉದಾಹರಣೆ ಯಾಕೆ, ನಮ್ಮ ಸಹಕಾರಿ ಬ್ಯಾಂಕುಗಳದ್ದೇ ಇದೆ. 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ಮೇಲೆ ರ್‍ಯಾನ್ಸಮ್‌ವೇರ್ ದಾಳಿಯಾಯಿತು (ಕಡತಗಳಿಗೆ ಬೀಗ ಹಾಕಿ ಒತ್ತೆಹಣ ಕೇಳುವ ದಾಳಿ). ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಒದಗಿಸುವ ಸಂಸ್ಥೆ ಅದು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮವು ಅದನ್ನು ತನ್ನ ಜಾಲದಿಂದ ಕಡಿದಾಗ, ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮೊದಲಾದ ಸೇವೆಗಳು ನಿಂತುಹೋದವು. ಆ ಮುನ್ನೂರು ಬ್ಯಾಂಕುಗಳು ಯಾವ ತಪ್ಪನ್ನೂ ಮಾಡಿರಲಿಲ್ಲ. ಎಲ್ಲರ ಬುಟ್ಟಿಯೂ ಒಂದೇ ಕಡೆ ಇದ್ದುದರ ಫಲ ಅದು.


ಹೊಸ್ತಿಲ ಕಾವಲು (ಬೆಂಗಳೂರು):

ಹಳೆಯ ಸರ್ವರ್ ಅವರೇ, ಆಕೆ ಅಮೆಜಾನ್ ಬಿಟ್ಟದ್ದು 2016ರಲ್ಲಿ. ಒಳಗಿನ ಯಾವ ವಿಶೇಷ ಪ್ರವೇಶವನ್ನೂ ಆಕೆ ಬಳಸಲಿಲ್ಲ. ತಪ್ಪಾಗಿ ಹೊಂದಿಸಿದ ಖಾತೆಗಳನ್ನು ಹುಡುಕುವ ಒಂದು ಸಾಧನವನ್ನು ಬರೆದು, ಹೊರಗಿನಿಂದಲೇ ಜಾಲಾಡಿ, ಕ್ಯಾಪಿಟಲ್ ಒನ್ ಸೇರಿದಂತೆ 30ಕ್ಕೂ ಹೆಚ್ಚು ಸಂಸ್ಥೆಗಳ ದತ್ತಾಂಶವನ್ನು ಇಳಿಸಿಕೊಂಡಳೆಂದು ಅಮೆರಿಕದ ನ್ಯಾಯ ಇಲಾಖೆ ಹೇಳಿದೆ. ಕೆಲವು ಖಾತೆಗಳಲ್ಲಿ ಕ್ರಿಪ್ಟೋ ಗಣಿಗಾರಿಕೆಯನ್ನೂ ನಡೆಸಿದ್ದಳು. ಅಂದರೆ ಆ ಲೋಪ ಒಂದು ಬ್ಯಾಂಕಿನದ್ದಷ್ಟೇ ಆಗಿರಲಿಲ್ಲ.

ಅಮೆಜಾನಿನ ಪಾಲೂ ಇಲ್ಲದಿಲ್ಲ. ಕೇಳಿದವರಿಗೆಲ್ಲ ರುಜುವಾತು ಕೊಡುವ ಆ ಒಳವಿಳಾಸದ ಸೇವೆಯನ್ನು ಅದು 2019ರ ನವೆಂಬರಿನಲ್ಲಿ ಬಿಗಿಗೊಳಿಸಿತು. ಹೊಸ ಆವೃತ್ತಿಯಲ್ಲಿ ಯಂತ್ರವು ಮೊದಲು ಬೇರೆ ಬಗೆಯ ಕೋರಿಕೆಯಿಂದ ಟೋಕನ್ (ಇಲ್ಲಿ ಒಂದು ತಾತ್ಕಾಲಿಕ ಪ್ರವೇಶ ಚೀಟಿ) ಪಡೆದು, ಅದನ್ನು ತೋರಿಸಿದ ಮೇಲಷ್ಟೇ ರುಜುವಾತು ಸಿಗುತ್ತದೆ. ಫೈರ್‌ವಾಲಿನ ಬಾಯಿಂದ ಸುಲಭವಾಗಿ ಕೇಳಿಸಲು ಬರುವುದಿಲ್ಲ. ಆದರೆ ಹಳೆಯ ಆವೃತ್ತಿಯನ್ನು ಮುಚ್ಚುವುದನ್ನು ಗ್ರಾಹಕರ ಇಚ್ಛೆಗೇ ಬಿಟ್ಟರು. ಕಾರ್ಯದರ್ಶಿಗಳೇ, ನಿಮ್ಮ ಕಂಪನಿಯವರು ಅದನ್ನು ಮುಚ್ಚಿದ್ದಾರೆಯೇ ಎಂದು ಕೇಳಿ. ಪ್ರಶ್ನೆ ಅರ್ಥವಾಗದೆ ಅವರು ತಬ್ಬಿಬ್ಬಾದರೆ ಅದೇ ನಿಮಗೆ ಒಂದು ಉತ್ತರ.

ಸಿ-ಎಡ್ಜ್ ವಿಚಾರದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಅದು ಎತ್ತಿ ತೋರಿಸುವುದು ಬೇರೊಂದು ಸಂಗತಿಯನ್ನು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯಂತೆ, ದಾಳಿ ಒಳಹೊಕ್ಕದ್ದು ಸಿ-ಎಡ್ಜ್ ಜೊತೆ ವ್ಯವಹರಿಸುತ್ತಿದ್ದ ಇನ್ನೊಂದು ಕಂಪನಿಯ, ತಪ್ಪಾಗಿ ಹೊಂದಿಸಿದ್ದ ಜೆಂಕಿನ್ಸ್ ಸರ್ವರಿನ (ತಂತ್ರಾಂಶ ಕಟ್ಟುವ ಕೆಲಸವನ್ನು ತಾನಾಗಿಯೇ ನಡೆಸುವ ಸಾಧನ) ಮೂಲಕ. ಬ್ಯಾಂಕಿನ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಸಂಘದ ಸದಸ್ಯರಿಗೆ ಗೊತ್ತಿರುವುದು ಕೌಂಟರಿನ ಹಿಂದೆ ಕುಳಿತ ಕಾರ್ಯದರ್ಶಿಗಳೊಬ್ಬರೇ. ಈ ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ, ಯಾರ ಕೈಯಲ್ಲಿ ಯಾವ ಅಧಿಕಾರವಿದೆ ಎಂಬುದನ್ನು ಬರೆಸಿಕೊಳ್ಳದೆ ಮುಂದುವರಿಯಬೇಡಿ.

ಹಿಂಬದಿ ಕೋಣೆಯ ಸರ್ವರ್ ಸುರಕ್ಷಿತವೆಂಬ ನಂಬಿಕೆಯನ್ನು ಮಾತ್ರ ನಾನು ಒಪ್ಪಲಾರೆ. ನಾನು ಕಂಡಂತೆ ಬಹುಪಾಲು ಕಡೆ ಕಂಪನಿಯವರು ದೂರದಿಂದ ದುರಸ್ತಿ ಮಾಡಲೆಂದು ಒಂದು ಕಿಂಡಿ ತೆರೆದಿಟ್ಟಿರುತ್ತಾರೆ, ವಿಂಡೋಸ್ ಹಳೆಯದಾಗಿರುತ್ತದೆ, ಬ್ಯಾಕಪ್ ತೆಗೆದ ಪೆನ್‌ಡ್ರೈವ್ ಅದೇ ಮೇಜಿನ ಖಾನೆಯಲ್ಲಿರುತ್ತದೆ.


ನ್ಯಾಯದ ಜಗಲಿ (ಧಾರವಾಡ):

ವಕೀಲನಾಗಿ ಒಂದೆರಡು ಮಾತು. ಈ ಚರ್ಚೆಯಲ್ಲಿ "ತಪ್ಪು ಯಾರದು" ಎಂಬುದು ತಾಂತ್ರಿಕ ಪ್ರಶ್ನೆಯಾಗಿ ಬಂದಿದೆ. ಕಾನೂನಿನಲ್ಲಿ ಅದಕ್ಕೆ ಬಹಳ ಮಟ್ಟಿಗೆ ಸ್ಪಷ್ಟ ಉತ್ತರವಿದೆ, ಮತ್ತು ಆ ಉತ್ತರ ಸಂಘಕ್ಕೆ ಹಿತವಾದದ್ದಲ್ಲ.

ಕ್ಯಾಪಿಟಲ್ ಒನ್ ಪ್ರಕರಣದಲ್ಲಿ ಅಮೆರಿಕದ ಬ್ಯಾಂಕಿಂಗ್ ನಿಯಂತ್ರಕರು 2020ರ ಆಗಸ್ಟ್‌ನಲ್ಲಿ 8 ಕೋಟಿ ಡಾಲರ್ ದಂಡ ಹಾಕಿದ್ದು ಬ್ಯಾಂಕಿಗೆ. ಕ್ಲೌಡ್‌ಗೆ ಹೋಗುವ ಮುನ್ನ ಅಪಾಯಗಳನ್ನು ಸರಿಯಾಗಿ ಅಳೆಯಲಿಲ್ಲ, ಗೊತ್ತಾದ ಕೊರತೆಗಳನ್ನು ಸಕಾಲದಲ್ಲಿ ಸರಿಪಡಿಸಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಗ್ರಾಹಕರು ಹೂಡಿದ ಸಾಮೂಹಿಕ ದಾವೆ 19 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು.

ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ದಾರಿಯಲ್ಲಿದೆ. ಯಾವ ಉದ್ದೇಶಕ್ಕೆ, ಯಾವ ರೀತಿಯಲ್ಲಿ ಮಾಹಿತಿ ಬಳಸಬೇಕೆಂದು ತೀರ್ಮಾನಿಸುವವರು ಡೇಟಾ ಫಿಡ್ಯೂಷಿಯರಿ. ಅವರ ಪರವಾಗಿ ಅದನ್ನು ಸಂಸ್ಕರಿಸುವವರು ಡೇಟಾ ಪ್ರೊಸೆಸರ್. ಇಲ್ಲಿ ಸಂಘ ಮೊದಲನೆಯದು, ತಂತ್ರಾಂಶ ಕಂಪನಿ ಎರಡನೆಯದು. ಒಪ್ಪಂದದಲ್ಲಿ ಏನೇ ಬರೆದುಕೊಂಡಿದ್ದರೂ, ಪ್ರೊಸೆಸರ್ ನಡೆಸುವ ಸಂಸ್ಕರಣೆಗೂ ಫಿಡ್ಯೂಷಿಯರಿಯೇ ಹೊಣೆ ಎಂದು 8ನೆಯ ಕಲಮು ಹೇಳುತ್ತದೆ. ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿಗಳವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿಯವರೆಗೆ ದಂಡಕ್ಕೆ ಅವಕಾಶವಿದೆ. ಇವು ಗರಿಷ್ಠ ಮಿತಿಗಳು. ಈ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಯು ಉಲ್ಲಂಘನೆಯ ಗಾತ್ರ, ಸ್ವರೂಪಗಳನ್ನು ನೋಡಿ ನಿಗದಿಪಡಿಸಬೇಕಾಗುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು ಹದಿನೆಂಟು ತಿಂಗಳ ಬಳಿಕ ಜಾರಿಗೆ ಬರುತ್ತವೆ. ಎನ್‌ಕ್ರಿಪ್ಷನ್ ಅಥವಾ ಮರೆಮಾಚುವಿಕೆ, ಪ್ರವೇಶ ನಿಯಂತ್ರಣ, ಲಾಗ್‌ಗಳನ್ನು (ಯಾರು ಯಾವಾಗ ಏನು ತೆರೆದರೆಂಬ ದಾಖಲೆಗಳನ್ನು) ಒಂದು ವರ್ಷ ಇಟ್ಟುಕೊಳ್ಳುವುದು, ಪ್ರೊಸೆಸರ್ ಜೊತೆಗಿನ ಒಪ್ಪಂದದಲ್ಲೇ ಭದ್ರತೆಯ ಷರತ್ತು ಇರುವುದು, ಇವೆಲ್ಲ ಅಲ್ಲಿ ಬರಹದಲ್ಲಿವೆ. ಸೋರಿಕೆಯಾದರೆ ಬಾಧಿತರಿಗೂ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಗಳೊಳಗೆ ಮಂಡಳಿಗೆ ವಿವರ ಸಲ್ಲಿಸಬೇಕು. ಇದಲ್ಲದೆ ಸರ್ಟ್-ಇನ್ (ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು.

ಕ್ಯಾಪಿಟಲ್ ಒನ್‌ಗೆ ಕಳವು ಗೊತ್ತಾಗಲು ನಾಲ್ಕು ತಿಂಗಳಿಗೆ ಹತ್ತಿರವಾಯಿತು. ಕಂಪನಿಯವರು ನಿಮಗೆ ಹೇಳಿದರೆ ತಾನೇ ನೀವು ಮಂಡಳಿಗೆ ಹೇಳುವುದು? ಆದ್ದರಿಂದ "ಘಟನೆ ತಿಳಿದ ಇಷ್ಟು ಗಂಟೆಯೊಳಗೆ ಸಂಘಕ್ಕೆ ಲಿಖಿತವಾಗಿ ತಿಳಿಸತಕ್ಕದ್ದು" ಎಂಬ ಷರತ್ತು ಒಪ್ಪಂದದಲ್ಲಿರಲೇಬೇಕು.

ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ಚಿನ್ನ ಅಡವಿಟ್ಟ ರೈತಮಹಿಳೆಯ ಸಾಲದ ವಿವರವೂ ಆ ಹಕ್ಕಿನೊಳಗೇ ಬರುತ್ತದೆಂಬುದನ್ನು ನಿಮ್ಮ ಮಂಡಳಿಯ ಸಭೆಯಲ್ಲಿ ಧೈರ್ಯವಾಗಿ ಹೇಳಬಹುದು.


ಲಿಫಿ ದಡ (ಡಬ್ಲಿನ್):

ಐರ್ಲೆಂಡಿನಲ್ಲಿ ದತ್ತಾಂಶ ಸಂರಕ್ಷಣೆಯ ಕೆಲಸ ಮಾಡುತ್ತಿರುವ ಶಿವಮೊಗ್ಗದವನು ನಾನು. ಇದುವರೆಗಿನ ಚರ್ಚೆ ಗ್ರಾಹಕರ ತಪ್ಪಿನ ಸುತ್ತಲೇ ಸುತ್ತುತ್ತಿದೆ. ಸೇವೆ ಕೊಡುವವರದ್ದೇ ತಪ್ಪಾದರೆ ಗ್ರಾಹಕ ಎಷ್ಟು ಎಚ್ಚರಿಕೆಯಿಂದಿದ್ದರೂ ಪ್ರಯೋಜನವಿಲ್ಲವೆಂಬುದನ್ನು ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ.

2023ರಲ್ಲಿ ಚೀನಾ ಮೂಲದ ಸ್ಟಾರ್ಮ್-0558 ಎಂಬ ಗುಂಪು ಮೈಕ್ರೋಸಾಫ್ಟಿನ ಒಂದು ಸಹಿ ಕೀಲಿಯನ್ನು (ಪ್ರವೇಶ ಚೀಟಿ ಅಸಲಿಯೆಂದು ಮುದ್ರೆ ಹಾಕುವ ಗುಪ್ತ ಕೀಲಿಯನ್ನು) ಕೈವಶ ಮಾಡಿಕೊಂಡು, ಅದರಿಂದ ನಕಲಿ ಟೋಕನ್‌ಗಳನ್ನು ತಯಾರಿಸಿ, ಅಮೆರಿಕದ ವಿದೇಶಾಂಗ ಇಲಾಖೆ ಸೇರಿದಂತೆ ಹಲವು ಸಂಸ್ಥೆಗಳ ಮಿಂಚಂಚೆಗಳನ್ನು ಓದಿತು. ಆ ಕೀಲಿ 2016ರಷ್ಟು ಹಳೆಯದು. ಅಷ್ಟು ಹೊತ್ತಿಗೆ ಬಳಕೆಯಿಂದ ತೆಗೆದಿರಬೇಕಾಗಿದ್ದದ್ದು. ಅಮೆರಿಕದ ಸೈಬರ್ ಸುರಕ್ಷತಾ ಪರಿಶೀಲನಾ ಮಂಡಳಿಯು 2024ರ ವರದಿಯಲ್ಲಿ ಇದನ್ನು ತಡೆಯಬಹುದಾಗಿದ್ದ ಘಟನೆಯೆಂದು ಕರೆಯಿತು. ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ. ವಿದೇಶಾಂಗ ಇಲಾಖೆಗೆ ದಾಳಿ ಗೊತ್ತಾದದ್ದು ಅದು ಹೆಚ್ಚು ಹಣ ಕೊಟ್ಟು ವಿವರವಾದ ಲಾಗ್‌ಗಳನ್ನು ಪಡೆಯುತ್ತಿದ್ದುದರಿಂದ. ಅಗ್ಗದ ಯೋಜನೆಯಲ್ಲಿದ್ದವರಿಗೆ ಆ ಸುಳಿವೇ ಸಿಗುತ್ತಿರಲಿಲ್ಲ. ಟೀಕೆಗಳ ನಂತರ ಮೈಕ್ರೋಸಾಫ್ಟ್ ಆ ಲಾಗ್‌ಗಳಲ್ಲಿ ಹಲವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಕೊಡಲು ಒಪ್ಪಿತು. ನಿಮ್ಮ ಕಂಪನಿಯ ದರಪಟ್ಟಿಯಲ್ಲಿ ಲಾಗ್‌ಗಳು ಯಾವ ದರ್ಜೆಯಲ್ಲಿವೆ ಎಂದು ನೋಡಿಕೊಳ್ಳಿ.

ಎರಡನೆಯದು, ದತ್ತಾಂಶ ಮುಂಬೈಯಲ್ಲಿದೆ ಎಂಬ ಸಮಾಧಾನ. ನಾನಿರುವ ಈ ಊರಿನ ದತ್ತಾಂಶ ಕೇಂದ್ರದಲ್ಲಿದ್ದ ಮಿಂಚಂಚೆಗಳಿಗಾಗಿ ಅಮೆರಿಕದ ಅಧಿಕಾರಿಗಳು 2013ರಲ್ಲಿ ಮೈಕ್ರೋಸಾಫ್ಟ್ ಮೇಲೆ ವಾರಂಟ್ ತಂದರು. 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು. ವಿಷಯ ಸುಪ್ರೀಂ ಕೋರ್ಟಿನಲ್ಲಿರುವಾಗಲೇ, 2018ರ ಮಾರ್ಚ್‌ನಲ್ಲಿ, ಅಮೆರಿಕದ ಸಂಸತ್ತು ಕ್ಲೌಡ್ ಕಾಯ್ದೆಯನ್ನು ತಂದು, ದತ್ತಾಂಶ ಯಾವ ದೇಶದಲ್ಲಿದ್ದರೂ ತನ್ನ ವ್ಯಾಪ್ತಿಯ ಕಂಪನಿ ಅದನ್ನು ಒಪ್ಪಿಸಬೇಕೆಂದಿತು. ಹಾಸನ ಜಿಲ್ಲೆಯ ಪಿಗ್ಮಿ ಲೆಕ್ಕದ ಮೇಲೆ ಅಮೆರಿಕದ ಪೊಲೀಸರಿಗೆ ಆಸಕ್ತಿ ಹುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಆದರೆ 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ನಂತರ ಗುಜರಾತಿನ ವಾಡಿನಾರ್‌ನಲ್ಲಿ ಸಂಸ್ಕರಣಾಗಾರವಿರುವ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿದಾಗ, ಆ ಕಂಪನಿ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ಯಂತ್ರ ಎಲ್ಲಿದೆ ಎಂಬುದು ಒಂದು ಪ್ರಶ್ನೆ, ಅದರ ಸ್ವಿಚ್ಚಿನ ಮೇಲೆ ಯಾರ ಕಾನೂನು ನಡೆಯುತ್ತದೆ ಎಂಬುದು ಇನ್ನೊಂದು.


ಸಂಘದ ಕಾರ್ಯದರ್ಶಿ (ಹಾಸನ ಜಿಲ್ಲೆ):

ಎಲ್ಲರಿಗೂ ಧನ್ಯವಾದಗಳು. ಅಮೆರಿಕ, ಐರೋಪ್ಯ ಒಕ್ಕೂಟದ ಮಟ್ಟದ ವಿಷಯ ನಮ್ಮ ಕೈಮೀರಿದ್ದು; ಅದನ್ನು ಮಂಡಳಿಯ ಗಮನಕ್ಕೆ ತಂದು ಬಿಡುತ್ತೇನೆ. ನಮ್ಮ ಕೈಯಲ್ಲೇ ಇರುವ ಒಂದು ವಿಷಯದ ಬಗ್ಗೆ ಕೇಳಬೇಕಾಗಿದೆ. ನಮ್ಮಲ್ಲಿ ಆರು ಮಂದಿ ಪಿಗ್ಮಿ ಏಜೆಂಟರಿದ್ದಾರೆ. ಹೊಸ ವ್ಯವಸ್ಥೆಯಲ್ಲಿ ಅವರ ಮೊಬೈಲ್ ಆ್ಯಪ್ ನೇರವಾಗಿ ಕ್ಲೌಡ್‌ಗೆ ಲೆಕ್ಕ ಕಳಿಸುತ್ತದೆ. ಈಗಲೂ ಹೊಸ ಸದಸ್ಯರ ಆಧಾರ್ ಕಾರ್ಡನ್ನು ಏಜೆಂಟರು ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಚೇರಿಗೆ ಕಳಿಸುವ, ಕಚೇರಿಯ ಹುಡುಗ ಅದನ್ನು ತನ್ನ ಸ್ವಂತ ಗೂಗಲ್ ಡ್ರೈವಿನಲ್ಲಿ ಇಟ್ಟು ಎಲ್ಲರಿಗೂ ಲಿಂಕ್ ಕೊಡುವ ರೂಢಿಯಿದೆ. ಅಂದರೆ ನಮಗೆ ಗೊತ್ತಿಲ್ಲದೆಯೇ ನಾವು ಅರ್ಧ ಕ್ಲೌಡ್‌ನಲ್ಲಿದ್ದೇವೆ ಎಂದು ಈ ಚರ್ಚೆ ಓದುವಾಗ ಅನ್ನಿಸಿತು.


ಹೊಸ್ತಿಲ ಕಾವಲು (ಬೆಂಗಳೂರು):

ಹಾಗಿದ್ದರೆ ನಿಮ್ಮ ಕೆಲಸ ಹೊಸ ಒಪ್ಪಂದದಿಂದಲ್ಲ, ಆ ಡ್ರೈವಿನಿಂದ ಆರಂಭವಾಗಬೇಕು. ಲಿಂಕ್ ಇದ್ದವರೆಲ್ಲ ನೋಡಬಹುದು ಎಂಬ ಆಯ್ಕೆಯಲ್ಲಿ ಹಂಚಿದ ಕಡತಕ್ಕೆ ಆ ಲಿಂಕೇ ಗುಪ್ತಪದ; ಅದು ಒಮ್ಮೆ ಬೇರೆ ಗುಂಪಿಗೆ ಹೋಯಿತೆಂದರೆ ಯಾರು ನೋಡಿದರೆಂಬ ಲೆಕ್ಕವಿರುವುದಿಲ್ಲ. ಖಾತೆ ಹುಡುಗನ ಸ್ವಂತದ್ದಾದ್ದರಿಂದ, ನಾಳೆ ಅವನು ಕೆಲಸ ಬಿಟ್ಟರೆ ಸದಸ್ಯರ ಆಧಾರ್ ಪ್ರತಿಗಳು ಅವನ ಜೊತೆ ಹೋಗುತ್ತವೆ. ಹುಡುಗನ ಮೇಲೆ ಸಂಶಯ ಬೇಡ, ಅವನಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ. ಸಂಘದ ಹೆಸರಿನಲ್ಲಿ ಒಂದು ಖಾತೆ ಮಾಡಿಸಿ, ಕಡತಗಳನ್ನು ಅಲ್ಲಿಗೆ ತಂದು, ಹಳೆಯ ಲಿಂಕುಗಳನ್ನು ರದ್ದುಮಾಡಿಸಿ.

ಆಧಾರ್ ಸಂಖ್ಯೆಯ ವಿಚಾರದಲ್ಲಿ ನಮ್ಮ ದೇಶದಲ್ಲೇ ಒಳ್ಳೆಯ ಮಾದರಿಯಿದೆ. ಆಧಾರ್ ಸಂಖ್ಯೆಗಳನ್ನು ಸಂಗ್ರಹಿಸುವ ಸಂಸ್ಥೆಗಳು ಅವನ್ನು ಪ್ರತ್ಯೇಕವಾದ, ಎನ್‌ಕ್ರಿಪ್ಟ್ ಮಾಡಿದ ಆಧಾರ್ ಡೇಟಾ ವಾಲ್ಟ್‌ನಲ್ಲಿಟ್ಟು, ಉಳಿದೆಲ್ಲ ಕಡೆ ಅದರ ಬದಲಿಗೆ ಒಂದು ಉಲ್ಲೇಖ ಸಂಖ್ಯೆಯನ್ನು ಬಳಸಬೇಕೆಂದು ಆಧಾರ್ ಪ್ರಾಧಿಕಾರ 2017ರಲ್ಲೇ ಸುತ್ತೋಲೆ ಹೊರಡಿಸಿತು. ಕ್ಯಾಪಿಟಲ್ ಒನ್‌ನಲ್ಲಿ ಸಾಮಾಜಿಕ ಭದ್ರತಾ ಸಂಖ್ಯೆಗಳನ್ನು ಉಳಿಸಿದ್ದು ಇದೇ ತತ್ತ್ವ. ನಿಮ್ಮ ಕಂಪನಿಯ ಪರದೆಯ ಮೇಲೆ ಸದಸ್ಯರ ಪುಟ ತೆರೆದಾಗ ಹನ್ನೆರಡೂ ಅಂಕಿಗಳು ಕಾಣುತ್ತಿದ್ದರೆ, ವಾಲ್ಟ್ ಇದೆಯೇ ಎಂದು ಅಲ್ಲೇ ಕೇಳಿ. ಪ್ರತಿಯ ಅಗತ್ಯವಿರುವಲ್ಲಿ, ಕಾನೂನು ಪೂರ್ಣ ಸಂಖ್ಯೆಯನ್ನೇ ಬೇಡದಿದ್ದರೆ, ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಸಾಕು.

ಏಜೆಂಟರ ಆ್ಯಪ್ ಬಗ್ಗೆ: 2024ರಲ್ಲಿ ಸ್ನೋಫ್ಲೇಕ್ ಎಂಬ ಕ್ಲೌಡ್ ದತ್ತಾಂಶ ಸೇವೆಯ ಸುಮಾರು 165 ಗ್ರಾಹಕ ಸಂಸ್ಥೆಗಳಿಗೆ ಅಪಾಯದ ಸೂಚನೆ ಹೋಯಿತು. ಸ್ನೋಫ್ಲೇಕ್‌ನ ವ್ಯವಸ್ಥೆಯನ್ನು ಯಾರೂ ಒಡೆದಿರಲಿಲ್ಲ. ಗ್ರಾಹಕ ಸಂಸ್ಥೆಗಳ ಸಿಬ್ಬಂದಿಯ ಕಂಪ್ಯೂಟರುಗಳಿಗೆ ತಗುಲಿದ ಕಳ್ಳ ತಂತ್ರಾಂಶ ಕದ್ದ ಗುಪ್ತಪದಗಳು, ಕೆಲವು ವರ್ಷಗಳಷ್ಟು ಹಳೆಯವು, ಹಾಗೇ ಕೆಲಸ ಮಾಡಿದವು. ಎರಡನೆಯ ಹಂತದ ದೃಢೀಕರಣ ಕಡ್ಡಾಯವಿದ್ದಿದ್ದರೆ ಬರೀ ಗುಪ್ತಪದದಿಂದ ಬಾಗಿಲು ತೆರೆಯುತ್ತಿರಲಿಲ್ಲ. ಆರು ಏಜೆಂಟರಿಗೂ ಬೇರೆಬೇರೆ ಲಾಗಿನ್ ಇರಲಿ, ಗುಪ್ತಪದದ ಜೊತೆ ಎರಡನೆಯ ಹಂತವಿರಲಿ, ಒಬ್ಬ ಏಜೆಂಟರಿಗೆ ತಮ್ಮ ಬೀದಿಯ ಖಾತೆಗಳ ಹೊರತು ಬೇರೇನೂ ಕಾಣದಿರಲಿ. ಚಿನ್ನಾಭರಣ ಸಾಲದ ವಿವರ ಪಿಗ್ಮಿ ಏಜೆಂಟರ ಮೊಬೈಲಿನಲ್ಲಿ ತೆರೆಯುವಂತಿದ್ದರೆ, ಫೈರ್‌ವಾಲಿಗೆ ಗ್ರಾಹಕರ ಕಡತ ಓದುವ ಅಧಿಕಾರ ಕೊಟ್ಟವರಿಗೂ ನಿಮಗೂ ವ್ಯತ್ಯಾಸವಿಲ್ಲ.


ಹಳೆಯ ಸರ್ವರ್ (ಮೈಸೂರು):

ಡ್ರೈವಿನ ಸಂಗತಿ ಓದಿದ ಮೇಲೆ ನನ್ನ ತಕರಾರಿನ ಬಿಸಿ ಸ್ವಲ್ಪ ಆರಿತು. ಕ್ಲೌಡ್ ಬೇಡವೆನ್ನುವ ಹಂತ ದಾಟಿಯಾಗಿದೆ ಎಂಬುದನ್ನು ಒಪ್ಪುತ್ತೇನೆ. ಹಾಗಿದ್ದರೂ ಪ್ರತಿಯ ವಿಷಯದಲ್ಲಿ ನನ್ನ ಹಟ ಬಿಡುವುದಿಲ್ಲ.

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿಟ್ಟಿದ್ದವರು ಎರಡನ್ನೂ ಕಳೆದುಕೊಂಡರು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ, ಗೂಗಲ್ ಕಡೆಯ ಹೊಂದಾಣಿಕೆಯ ತಪ್ಪಿನಿಂದ ಅಳಿಸಿಹೋಯಿತು. ಐದು ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಬೇರೊಬ್ಬ ಸೇವೆದಾರರ ಬಳಿ ಅವರು ಇಟ್ಟಿದ್ದ ಪ್ರತಿ ಚೇತರಿಕೆಗೆ ನೆರವಾಯಿತು. ಆದ್ದರಿಂದ ಕಂಪನಿಯ ಖಾತೆಯ ಹೊರಗೆ, ಸಂಘದ ಸ್ವಾಧೀನದಲ್ಲಿ, ಎನ್‌ಕ್ರಿಪ್ಟ್ ಮಾಡಿದ ಒಂದು ಪ್ರತಿ ಇರಬೇಕು, ಮತ್ತು ಅದರ ಕೀಲಿ ಕಾರ್ಯದರ್ಶಿ ಹಾಗೂ ಅಧ್ಯಕ್ಷರ ಬಳಿ ಇರಬೇಕು. ಆ ಪ್ರತಿ ಕಂಪನಿಯ ತಂತ್ರಾಂಶ ಮಾತ್ರ ಓದಬಲ್ಲ ರೂಪದಲ್ಲಿದ್ದರೆ ಪ್ರಯೋಜನವಿಲ್ಲ; ಸಾಮಾನ್ಯ ಕೋಷ್ಟಕದ ಕಡತವಾಗಿರಲಿ. ನಾಳೆ ಕಂಪನಿ ಬಾಗಿಲು ಹಾಕಿದರೂ, ನೀವೇ ಬೇರೆ ಕಂಪನಿಗೆ ಹೋದರೂ, ಕೈಯಲ್ಲಿರುವುದು ಅದೊಂದೇ.


ನ್ಯಾಯದ ಜಗಲಿ (ಧಾರವಾಡ):

ಹಳೆಯ ಸರ್ವರ್ ಅವರ ಮಾತಿಗೆ ಒಂದು ಸೇರಿಕೆ. ಒಪ್ಪಂದ ಮುಗಿದ ಮೇಲೆ ಕಂಪನಿಯವರು ತಮ್ಮ ಬಳಿಯಿರುವ ಪ್ರತಿಗಳನ್ನೆಲ್ಲ ಅಳಿಸಿ, ಅಳಿಸಿದ್ದೇವೆಂದು ಬರೆದುಕೊಡಬೇಕೆಂಬ ಷರತ್ತನ್ನೂ ಹಾಕಿ. ಕ್ಯಾಪಿಟಲ್ ಒನ್‌ನಲ್ಲಿ ಹದಿನಾಲ್ಕು ವರ್ಷ ಹಳೆಯ ಅರ್ಜಿಗಳು ಕಳವಾದದ್ದು ಅವು ಇನ್ನೂ ಅಲ್ಲಿದ್ದುದರಿಂದ. ಸಂಘವೂ ಅಷ್ಟೇ: ಸದಸ್ಯತ್ವ ಬಿಟ್ಟವರ, ಸಾಲ ತೀರಿಸಿದವರ ದಾಖಲೆಗಳನ್ನು ಸಹಕಾರ ಇಲಾಖೆಯ ಮತ್ತು ಲೆಕ್ಕಪರಿಶೋಧನೆಯ ನಿಯಮಗಳು ಬೇಡುವ ಅವಧಿಯವರೆಗೆ ಇಟ್ಟುಕೊಳ್ಳಲೇಬೇಕು, ಆದರೆ ಅವನ್ನು ದಿನನಿತ್ಯದ ವ್ಯವಸ್ಥೆಯಲ್ಲಿ ತೆರೆದಿಡಬೇಕಾಗಿಲ್ಲ.


ಸಂಘದ ಕಾರ್ಯದರ್ಶಿ (ಹಾಸನ ಜಿಲ್ಲೆ):

ಡ್ರೈವಿನ ಹಳೆಯ ಲಿಂಕುಗಳನ್ನು ಹುಡುಗನ ಜೊತೆ ಕುಳಿತು ರದ್ದುಪಡಿಸಿದ್ದಾಯಿತು. ವಾಟ್ಸ್‌ಆ್ಯಪ್‌ನಲ್ಲಿ ಆಧಾರ್ ಕಳಿಸಬಾರದೆಂದು ಏಜೆಂಟರಿಗೆ ಲಿಖಿತ ಸೂಚನೆ ಕೊಟ್ಟಿದ್ದೇನೆ. ಕಂಪನಿಯವರಿಗೆ ಪತ್ರ ಬರೆದು, ನಮ್ಮ ದತ್ತಾಂಶವನ್ನು ಅವರ ಸಿಬ್ಬಂದಿಯಲ್ಲಿ ಮತ್ತು ಅವರ ಹಿಂದಿನ ಕಂಪನಿಗಳಲ್ಲಿ ಯಾರ್‍ಯಾರು ಓದಬಲ್ಲರು, ಆಧಾರ್ ಸಂಖ್ಯೆ ಎಲ್ಲಿ ಯಾವ ರೂಪದಲ್ಲಿರುತ್ತದೆ, ಲಾಗ್‌ಗಳು ಎಷ್ಟು ಕಾಲ ಇರುತ್ತವೆ, ಘಟನೆಯಾದರೆ ಎಷ್ಟು ಗಂಟೆಯಲ್ಲಿ ತಿಳಿಸುತ್ತಾರೆ ಎಂದು ಕೇಳಿದ್ದೇನೆ. ಹೊಸ್ತಿಲ ಕಾವಲು ಮೇಡಂ ಹೇಳಿದ ಆ ಒಳವಿಳಾಸದ ಪ್ರಶ್ನೆಯನ್ನೂ ಅಂಕಿ ತಪ್ಪದಂತೆ ಬರೆದಿದ್ದೇನೆ. ಉತ್ತರ ಬಂದ ಮೇಲೆ ಇಲ್ಲಿ ಹಾಕುತ್ತೇನೆ. ಪ್ರತಿ ತಿಂಗಳು ಬರುವ ಬ್ಯಾಕಪ್ ಕಡತ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂಬುದೊಂದು ಉಳಿದಿದೆ.


ಹಳೆಯ ಸರ್ವರ್ (ಮೈಸೂರು):

ಕಡತವನ್ನು ಸಂಘದ್ದಲ್ಲದ ಇನ್ಯಾವ ಜಾಲಕ್ಕೂ ಸೇರಿಸದ ಒಂದು ಕಂಪ್ಯೂಟರಿನಲ್ಲಿ ಬಿಡಿಸಿ ತೆರೆಯಿರಿ. ಮಾರ್ಚ್ 31ರ ಶಿಲ್ಕನ್ನು, ಹಾಗೆಯೇ ಹತ್ತಿಪ್ಪತ್ತು ಪಿಗ್ಮಿ ಖಾತೆಗಳ ಬಾಕಿಯನ್ನು ನಿಮ್ಮ ಮುದ್ರಿತ ಲೆಡ್ಜರಿನೊಂದಿಗೆ ತಾಳೆ ನೋಡಿ. ಇದನ್ನು ಕಂಪನಿಯವರು ಎದುರಿಗಿಲ್ಲದಾಗ, ನಿಮ್ಮ ಸಿಬ್ಬಂದಿಯೇ ಮಾಡಬೇಕು. ಈಗಿನ ಹಿಂಬದಿ ಕೋಣೆಯ ಸರ್ವರನ್ನು ಅಲ್ಲಿಯವರೆಗೆ ಆರಿಸಬೇಡಿ.